ಲ್ಯಾಪ್‌ಟಾಪ್‌ನಲ್ಲಿ ಕಂಟೇನರ್‌ಗಳು, ಲಾಗ್ ಎಲ್ಲ ಒಂದೇ ಕಡೆ: ಯಾವ ಜೋಡಿ ಯಾರಿಗೆ?

ಪುಸ್ತಕ ಮಾರುವ ಒಂದು ಸೈಟ್ ಅಂದುಕೊಳ್ಳಿ. ಮುಂದೆ ವೆಬ್ ಸರ್ವರ್ ಎಂಜಿನ್‌ಎಕ್ಸ್. ಅದರ ಹಿಂದೆ ನೆಕ್ಸ್ಟ್‌ಜೆಎಸ್ ಪುಟಗಳು, ಪೈಥಾನ್‌ನ ಜ್ಯಾಂಗೋದಲ್ಲಿ ಬರೆದ ಎಪಿಐ (ಪುಟಗಳು ಮಾಹಿತಿ ಕೇಳುವ ಸರ್ವರ್), ಹಿನ್ನೆಲೆಯಲ್ಲಿ ಮೇಲ್ ಕಳಿಸುವ ಸೆಲರಿ ವರ್ಕರ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ವರ್ಕರ್‌ಗೆ ಕೆಲಸ ತಲುಪಿಸುವ ರೆಡಿಸ್. ಒಟ್ಟು ಆರು ಕಂಟೇನರ್, ಅಂದರೆ ಒಂದೊಂದು ಪ್ರೋಗ್ರಾಂ ತನಗೆ ಬೇಕಾದ್ದನ್ನೆಲ್ಲ ಜೊತೆಗಿಟ್ಟುಕೊಂಡು ಓಡುವ ಪ್ರತ್ಯೇಕ ಡಬ್ಬಿ. ಇವತ್ತಿನ ಲೆಕ್ಕದಲ್ಲಿ ಇದೇನೂ ದೊಡ್ಡ ಪ್ರಾಜೆಕ್ಟ್ ಅಲ್ಲ. ಗ್ರಾಹಕರು ದುಡ್ಡು ಕಟ್ಟಿದರು, ಆರ್ಡರ್ ಡೇಟಾಬೇಸ್‌ಗೆ ಹೋಯಿತು, ಆದರೆ ಮೇಲ್ ಹೋಗಲಿಲ್ಲ. ಎಲ್ಲಿ ಕೈಕೊಟ್ಟಿತು? ಗೊತ್ತಾಗಬೇಕಾದರೆ ಎಂಜಿನ್‌ಎಕ್ಸ್, ಎಪಿಐ, ರೆಡಿಸ್, ವರ್ಕರ್ ಈ ನಾಲ್ಕರ ಲಾಗನ್ನೂ (ಏನೇನು ಆಯಿತು ಅಂತ ಪ್ರೋಗ್ರಾಂ ಬರೆದಿಡುವ ಸಾಲುಗಳನ್ನು) ಸಮಯದ ಪ್ರಕಾರ ಜೋಡಿಸಿ ನೋಡಬೇಕು. ನಾಲ್ಕು ಟರ್ಮಿನಲ್ ತೆರೆದು ಕಣ್ಣಾಡಿಸಿದರೆ ಒಂದು ಸಲಕ್ಕೆ ನಡೆಯುತ್ತದೆ. ದಿನಾ ಅದೇ ಆದರೆ ತಲೆ ಕೆಡುತ್ತದೆ.

ಲಾಗ್‌ಗಳನ್ನು ಒಂದೇ ಕಡೆ ಸೇರಿಸುವ ಸಾಧನ ಹುಡುಕಲು ಹೊರಟರೆ ಹತ್ತಾರು ಹೆಸರು ಎದುರಾಗುತ್ತವೆ. ಯಾವುದು ಒಳ್ಳೆಯದು ಅನ್ನುವ ಚರ್ಚೆಯೂ ಬೇಕಾದಷ್ಟು ಸಿಗುತ್ತದೆ. ಆದರೆ ಆ ಚರ್ಚೆಯಲ್ಲಿ ಬಹುಪಾಲು ಪ್ರೊಡಕ್ಷನ್, ಅಂದರೆ ಗ್ರಾಹಕರು ನಿಜವಾಗಿ ಬಳಸುವ ಸರ್ವರ್ ಬಗ್ಗೆ. 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನ ಕಥೆಯೇ ಬೇರೆ. ಅಲ್ಲಿ ಬ್ರೌಸರ್, ಎಡಿಟರ್, ಮೀಟಿಂಗ್ ಆ್ಯಪ್ ಎಲ್ಲ ತಿಂದು ಬಿಟ್ಟದ್ದರಲ್ಲಿ ನಿಮ್ಮ ಆರು ಕಂಟೇನರ್ ಓಡಬೇಕು. ಅದರ ಪಕ್ಕದಲ್ಲಿ ಲಾಗ್ ನೋಡುವ ಸಾಮಾನೇ ಜಾಸ್ತಿ ರ‍್ಯಾಮ್ ತಿಂದರೆ ಏನು ಬಂತು?

ಹಾಗಾಗಿ ಸಾಧನದ ಹೆಸರಿಗಿಂತ ಮೊದಲು, ಲಾಗ್‌ಗೆ ನೀವು ದಿನಾ ಕೇಳುವ ಪ್ರಶ್ನೆ ಯಾವುದು ಅಂತ ನೋಡಿಕೊಳ್ಳಿ. "ಈಗ ಏನಾಗುತ್ತಿದೆ?" ಅನ್ನುವುದು ಒಂದು ಥರ. "ಈ ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಹಾದು ಹೋಯಿತು, ನಿನ್ನೆ ಸಂಜೆಯೂ ಹೀಗೇ ಆಗಿತ್ತಾ?" ಅನ್ನುವುದು ಇನ್ನೊಂದು. "ಈ ತಪ್ಪು ಎಷ್ಟು ಸಲ ಬಂತು, ಯಾವ ಪುಟದಲ್ಲಿ ಜಾಸ್ತಿ?" ಅಂತ ಎಣಿಸುವುದು ಮೂರನೆಯದು. ಮೊದಲನೆಯದಕ್ಕೆ ಲಾಗ್ ಕೂಡಿಡುವ ಜಾಗವೇ ಬೇಡ. ಎರಡನೆಯದಕ್ಕೆ ಬೇಕು, ಚಿಕ್ಕದು ಸಾಕು. ಮೂರನೆಯದು ಡೆವಲಪ್‌ಮೆಂಟ್‌ನಲ್ಲಿ ಅಪರೂಪ.

ಕಂಟೇನರ್ ಓಡಿಸುವುದು ಯಾವುದರಲ್ಲಿ?

ಲಿನಕ್ಸ್ ಬಳಸುವವರಿಗೆ ಇಲ್ಲಿ ಯೋಚನೆಯೇ ಇಲ್ಲ. ಕಂಟೇನರ್ ಓಡಿಸುವ ಡಾಕರ್ ಎಂಜಿನ್ ಹಾಕಿಕೊಳ್ಳಿ, ಮುಂದಕ್ಕೆ ಹೋಗಿ. ಅದು ಮುಕ್ತ ತಂತ್ರಾಂಶ, ಕಂಪನಿ ಎಷ್ಟೇ ದೊಡ್ಡದಿರಲಿ ದುಡ್ಡು ಕಟ್ಟಬೇಕಿಲ್ಲ.

ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಸುಲಭದ ದಾರಿ. ಆದರೆ 2021ರ ಆಗಸ್ಟ್‌ನಲ್ಲಿ ಅದರ ಲೈಸೆನ್ಸ್ ಬದಲಾಯಿತು. 250ಕ್ಕಿಂತ ಜಾಸ್ತಿ ನೌಕರರಿರುವ ಕಂಪನಿ, ಇಲ್ಲವೇ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಜಾಸ್ತಿ ಆದಾಯದ ಕಂಪನಿ ಚಂದಾ ಕಟ್ಟಬೇಕು. ಎರಡರಲ್ಲಿ ಒಂದು ದಾಟಿದರೂ ಸಾಕು. ಹತ್ತು ಜನರ ಸ್ಟಾರ್ಟಪ್‌ಗೆ ಇದರ ತಲೆನೋವಿಲ್ಲ. ದೊಡ್ಡ ಸರ್ವಿಸ್ ಕಂಪನಿಯ ಲ್ಯಾಪ್‌ಟಾಪ್ ಆದರೆ ಹಾಕಿಕೊಳ್ಳುವ ಮೊದಲು ಐಟಿ ವಿಭಾಗದವರನ್ನು ಒಂದು ಮಾತು ಕೇಳಿ.

ಬದಲಿಗೆ ಏನಿದೆ? ಮ್ಯಾಕ್‌ನಲ್ಲಿ ಕೊಲಿಮಾ. ಟರ್ಮಿನಲ್‌ನಲ್ಲೇ ಎಲ್ಲ, ಕಿಟಕಿ-ಗುಂಡಿ ಏನೂ ಇಲ್ಲ, ಉಚಿತ. ಆರ್ಬ್‌ಸ್ಟ್ಯಾಕ್ ಅನ್ನುವುದೂ ಇದೆ. ಚುರುಕಾಗಿದೆ, ಆದರೆ ಆಫೀಸ್ ಕೆಲಸಕ್ಕೆ ಬಳಸಿದರೆ ಅದಕ್ಕೂ ದುಡ್ಡು. ರೆಡ್ ಹ್ಯಾಟ್‌ನವರ ಪಾಡ್‌ಮನ್ ಮೂರೂ ಕಡೆ ಓಡುತ್ತದೆ. ಡೀಮನ್ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಬೇಡ, ರೂಟ್ ಅಧಿಕಾರ (ಯಂತ್ರದ ಪೂರ್ಣ ಅಧಿಕಾರ) ಬೇಡ, ಭದ್ರತೆಯವರಿಗೆ ಇಷ್ಟ. ಲಾಗ್ ವಿಷಯದಲ್ಲಿ ಮಾತ್ರ ಒಂದು ಕೊಕ್ಕೆ ಇದೆ. ಲಾಗ್ ಸಂಗ್ರಹಿಸುವ ಸಾಧನಗಳಲ್ಲಿ ಬಹಳಷ್ಟು ಡಾಕರ್ ಸಾಕೆಟ್ (ಬೇರೆ ಪ್ರೋಗ್ರಾಂಗಳು ಡಾಕರ್ ಜೊತೆ ಮಾತಾಡುವ ಬಾಗಿಲು) ಇದ್ದೇ ಇರುತ್ತದೆ ಅಂತ ನಂಬಿ ಕೂತಿರುತ್ತವೆ. ಪಾಡ್‌ಮನ್‌ನಲ್ಲಿ ಆ ಸಾಕೆಟ್ ತಾನಾಗಿ ಇರುವುದಿಲ್ಲ. ಲಿನಕ್ಸ್ ಆದರೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಮೂಲಕ ಬಳಕೆದಾರರ ಮಟ್ಟದಲ್ಲಿ ಅದನ್ನು ಚಾಲೂ ಮಾಡಬೇಕು, ಆಮೇಲೆ ಸಂಗ್ರಾಹಕಕ್ಕೆ ಹೊಸ ವಿಳಾಸ ಕೊಡಬೇಕು. ಜೊತೆಗೆ 1024ಕ್ಕಿಂತ ಕೆಳಗಿನ ಪೋರ್ಟ್‌ಗಳು ರೂಟ್ ಇಲ್ಲದೆ ಸಿಗುವುದಿಲ್ಲ. ಎಂಜಿನ್‌ಎಕ್ಸನ್ನು 80ರಲ್ಲಿ ಕೂರಿಸುವ ಬದಲು 8000 ಅಂತ ಏನೋ ಒಂದು ಕೊಡಿ. ಇಷ್ಟು ಮಾಡಿಕೊಳ್ಳುವ ತಾಳ್ಮೆ ಇದ್ದರೆ ಪಾಡ್‌ಮನ್ ಚೆನ್ನಾಗಿದೆ. ಇಲ್ಲದಿದ್ದರೆ ಡಾಕರ್ ಬಗೆಯದ್ದನ್ನೇ ಇಟ್ಟುಕೊಳ್ಳಿ.

ವಿಂಡೋಸ್‌ನವರಿಗೆ ಇನ್ನೊಂದು ಮಾತು. ಯಾವುದನ್ನೇ ಆರಿಸಿದರೂ ಅದು ಸಾಮಾನ್ಯವಾಗಿ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್-2ರ ಮೇಲೆ ಓಡುತ್ತದೆ. ನಿಮ್ಮ ಕೋಡ್ ಸಿ-ಡ್ರೈವ್‌ನಲ್ಲಿದ್ದರೆ ಪ್ರತಿ ಫೈಲ್ ಓದಲು ಅದು ಗಡಿ ದಾಟಿ ಬರಬೇಕು. ನೋಡ್ ಮಾಡ್ಯೂಲ್‌ಗಳಿರುವ ಪ್ರಾಜೆಕ್ಟ್ ಆದರೆ ಬಸವನಹುಳು. ಕೋಡನ್ನು ಲಿನಕ್ಸ್ ಬದಿಯ ಹೋಮ್ ಫೋಲ್ಡರ್‌ನಲ್ಲಿ ಕ್ಲೋನ್ ಮಾಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಡಬ್ಲ್ಯೂಎಸ್‌ಎಲ್ ಕಾನ್ಫಿಗ್ ಫೈಲ್‌ನಲ್ಲಿ ಅದು ತಿನ್ನುವ ರ‍್ಯಾಮ್‌ಗೆ ಒಂದು ಮಿತಿಯನ್ನೂ ಹಾಕಿ.

ಕಂಪೋಸ್, ಡೆವ್ ಕಂಟೇನರ್, ಕೈಂಡ್

ಆರು ಕಂಟೇನರ್‌ಗಳನ್ನು ಒಟ್ಟಿಗೆ ಎಬ್ಬಿಸುವ ಕೆಲಸಕ್ಕೆ ಕಂಪೋಸ್ ಸಾಕು. ಒಂದು ಯಾಮಲ್ ಫೈಲ್ (ಸೆಟ್ಟಿಂಗ್ ಬರೆಯುವ ಸರಳ ಪಠ್ಯ), ಒಂದು ಆಜ್ಞೆ. ಹಳೆಯ ಪಾಠಗಳಲ್ಲಿ ‘ಡಾಕರ್’ ಮತ್ತು ‘ಕಂಪೋಸ್’ ನಡುವೆ ಅಡ್ಡಗೆರೆ ಇದ್ದರೆ ಅದು ಪೈಥಾನ್‌ನಲ್ಲಿ ಬರೆದ ಮೊದಲ ಆವೃತ್ತಿ, 2023ರ ಜುಲೈಗೆ ಅದರ ಕಥೆ ಮುಗಿಯಿತು. ಈಗಿನದು ಡಾಕರ್ ಒಳಗೇ ಇರುವ ಆಜ್ಞೆ, ನಡುವೆ ಜಾಗ ಬಿಟ್ಟು ಬರೆಯುವುದು. ಫೈಲ್‌ನ ತಲೆಗೆ ‘ವರ್ಷನ್’ ಅಂತ ಬರೆಯುವ ಸಾಲೂ ಈಗ ಬೇಡ, ಇದ್ದರೆ ಸುಮ್ನೆ ಎಚ್ಚರಿಕೆ ಕೊಡುತ್ತದೆ.

ತಂಡಕ್ಕೆ ಆಗಾಗ ಹೊಸಬರು ಬರುತ್ತಿದ್ದರೆ, ಒಬ್ಬೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಪೈಥಾನ್ ಇದ್ದರೆ, ಡೆವ್ ಕಂಟೇನರ್ ನೋಡಬಹುದು. ಎಡಿಟರ್, ಅದರ ಎಕ್ಸ್‌ಟೆನ್ಷನ್, ಲಿಂಟರ್ ಎಲ್ಲ ಕಂಟೇನರ್ ಒಳಗೇ. ಕಂಪೋಸ್ ಬಿಟ್ಟು ಇದಕ್ಕೆ ಹೋಗಬೇಕು ಅಂತೇನೂ ಇಲ್ಲ. ಡೆವ್ ಕಂಟೇನರ್‌ನ ಫೈಲ್ ನಿಮ್ಮ ಕಂಪೋಸ್ ಫೈಲನ್ನೇ ತೋರಿಸಿ, ‘ಈ ಸರ್ವಿಸ್ ಒಳಗೆ ಎಡಿಟರ್ ಕೂರಿಸು’ ಅನ್ನಬಹುದು.

ಇಲ್ಲಿ ಒಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಡೆವ್ ಕಂಟೇನರ್‌ನಲ್ಲಿ ಮುಖ್ಯ ಪ್ರೊಸೆಸ್ ಸಾಮಾನ್ಯವಾಗಿ ಕೊನೆಯಿಲ್ಲದ ನಿದ್ದೆ, ಅಂದರೆ ‘ಸ್ಲೀಪ್ ಇನ್ಫಿನಿಟಿ’. ಕಂಟೇನರ್ ಜೀವಂತ ಇರಲಿ ಅಂತ ಅಷ್ಟೇ. ನೀವು ಎಡಿಟರ್‌ನ ಟರ್ಮಿನಲ್‌ನಲ್ಲಿ ಜ್ಯಾಂಗೋ ಸರ್ವರ್ ಶುರು ಮಾಡಿದರೆ ಅದರ ಲಾಗ್ ಆ ಟರ್ಮಿನಲ್‌ಗೆ ಬರುತ್ತದೆ, ಡಾಕರ್‌ಗೆ ಹೋಗುವುದಿಲ್ಲ. ಡಾಕರ್ ಕೇಳಿಸಿಕೊಳ್ಳುವುದು ಮೊದಲ ಪ್ರೊಸೆಸ್‌ನ ಔಟ್‌ಪುಟ್ ಮಾತ್ರ. ಹಾಗಾಗಿ ಲಾಗ್ ಸಂಗ್ರಾಹಕವನ್ನು ಎಷ್ಟೇ ಚೆಂದ ಜೋಡಿಸಿದರೂ ಎಪಿಐ ಲಾಗ್ ಖಾಲಿ! ಪರಿಹಾರ ಎರಡು. ಎಡಿಟರ್ ಕೂರುವ ಕಂಟೇನರ್ ಬೇರೆ, ಎಪಿಐ ಓಡುವ ಸರ್ವಿಸ್ ಬೇರೆ ಮಾಡಿ, ಎರಡಕ್ಕೂ ಒಂದೇ ಕೋಡ್ ಫೋಲ್ಡರ್ ಕೊಡುವುದು. ಅಥವಾ ಸರ್ವರ್‌ನ ಔಟ್‌ಪುಟ್ಟನ್ನು ‘ಟೀ’ ಆಜ್ಞೆಯಿಂದ ಒಂದು ಫೈಲ್‌ಗೂ ಬರೆಸಿ, ಸಂಗ್ರಾಹಕಕ್ಕೆ ಆ ಫೈಲ್ ತೋರಿಸುವುದು. ಡಿಬಗರ್ ಜಾಸ್ತಿ ಬಳಸುವವರಿಗೆ ಎರಡನೆಯದು ಹಿತ, ಉಳಿದವರಿಗೆ ಮೊದಲನೆಯದು.

ಕೈಂಡ್, ಮಿನಿಕ್ಯೂಬ್, ಕೆ3ಡಿ ಇವೆಲ್ಲ ಲ್ಯಾಪ್‌ಟಾಪ್‌ನಲ್ಲೇ ಕುಬರ್ನೆಟೀಸ್ (ಹಲವು ಯಂತ್ರಗಳ ಮೇಲೆ ಕಂಟೇನರ್ ನಡೆಸುವ ವ್ಯವಸ್ಥೆ) ಓಡಿಸುತ್ತವೆ. ಅದಕ್ಕೆ ಬೇಕಾದ ಹೆಲ್ಮ್ ಚಾರ್ಟ್ ಅಥವಾ ಆಪರೇಟರ್ ಬರೆಯುವುದು ನಿಮ್ಮ ಕೆಲಸವಾದರೆ ಬೇಕೇಬೇಕು. "ಪ್ರೊಡಕ್ಷನ್‌ನಲ್ಲಿ ಕುಬರ್ನೆಟೀಸ್ ಇದೆ, ಅದಕ್ಕೆ ಇಲ್ಲೂ ಇರಲಿ" ಅನ್ನುವ ಕಾರಣಕ್ಕೆ ಮಾತ್ರ ಹಾಕಿಕೊಳ್ಳಬೇಡಿ. ಕೈಂಡ್‌ನಲ್ಲಿ ಕ್ಲಸ್ಟರ್‌ನ ಪ್ರತಿ ನೋಡ್, ಅಂದರೆ ಯಂತ್ರ, ಒಂದು ಡಾಕರ್ ಕಂಟೇನರ್. ನಿಮ್ಮ ಪಾಡ್‌ಗಳು, ಅಂದರೆ ಕುಬರ್ನೆಟೀಸ್ ಓಡಿಸುವ ಕಂಟೇನರ್ ಗುಂಪುಗಳು, ಅದರ ಹೊಟ್ಟೆಯೊಳಗೆ. ಹೊರಗಿನ ಡಾಕರ್ ಸಾಕೆಟ್‌ಗೆ ಕಾಣುವುದು ನೋಡ್‌ನ ಲಾಗ್ ಮಾತ್ರ, ಪಾಡ್‌ನದ್ದಲ್ಲ. ಮುಂದೆ ಹೇಳುವ ಡಾಕರ್ ಸಾಕೆಟ್ ಉಪಾಯಗಳು ಅಲ್ಲಿ ನಡೆಯುವುದಿಲ್ಲ, ಸಂಗ್ರಾಹಕವನ್ನು ಕ್ಲಸ್ಟರ್ ಒಳಗೇ ಹಾಕಬೇಕು. ಲೈವ್ ಆಗಿ ನೋಡಲು ಸ್ಟರ್ನ್ ಅನ್ನುವ ಪುಟ್ಟ ಆಜ್ಞೆ ಸಾಕು.

ಲಾಗ್ ಬರೆಯುವ ಡ್ರೈವರ್

ಕಂಟೇನರ್‌ನ ಲಾಗನ್ನು ಡಾಕರ್ ಎಲ್ಲಿ, ಹೇಗೆ ಬರೆಯಬೇಕು ಅಂತ ತೀರ್ಮಾನಿಸುವ ಈ ಡ್ರೈವರನ್ನು ಬಹಳ ಜನ ಮುಟ್ಟುವುದೇ ಇಲ್ಲ. ಮುಟ್ಟದಿದ್ದರೆ ಡಾಕರ್ ‘ಜೇಸನ್-ಫೈಲ್’ ಡ್ರೈವರ್ ಬಳಸುತ್ತದೆ. ಪ್ರತಿ ಕಂಟೇನರ್‌ಗೆ ಒಂದು ಫೈಲ್, ಅದಕ್ಕೆ ಗಾತ್ರದ ಮಿತಿ ಇಲ್ಲ. ಜ್ಯಾಂಗೋದಲ್ಲಿ ಎಸ್‌ಕ್ಯೂಎಲ್ ಡಿಬಗ್ ಲಾಗ್ ಆನ್ ಮಾಡಿ ಮರೆತರೆ ಕೆಲವೇ ವಾರದಲ್ಲಿ ಡಿಸ್ಕ್ ತುಂಬುತ್ತದೆ. ಕಂಟೇನರ್ ತೆಗೆದುಹಾಕುವವರೆಗೂ ಆ ಫೈಲ್ ಅಲ್ಲೇ ಇರುತ್ತದೆ.

‘ಲೋಕಲ್’ ಅನ್ನುವ ಡ್ರೈವರ್ ಇದಕ್ಕಿಂತ ಜಾಣ. 20 ಎಂಬಿಯ 5 ಫೈಲ್, ಅಂದರೆ ಕಂಟೇನರ್‌ಗೆ 100 ಎಂಬಿ. ಹಳೆಯದನ್ನು ಕುಗ್ಗಿಸಿ ಇಡುತ್ತದೆ, ಮಿತಿ ದಾಟಿದರೆ ಅಳಿಸುತ್ತದೆ. ಆದರೆ ಅದು ಬರೆಯುವುದು ಡಾಕರ್‌ಗೆ ಮಾತ್ರ ಅರ್ಥವಾಗುವ ರೂಪದಲ್ಲಿ. ಸಂಗ್ರಾಹಕ ಡಾಕರನ್ನೇ ಕೇಳಿ ಲಾಗ್ ಪಡೆಯುವಂಥದ್ದಾದರೆ ತೊಂದರೆ ಇಲ್ಲ. ಗ್ರಾಫ್, ಡ್ಯಾಶ್‌ಬೋರ್ಡ್ ತೋರಿಸುವ ಗ್ರಾಫಾನಾದವರ ಅಲಾಯ್, ರಸ್ಟ್‌ನಲ್ಲಿ ಬರೆದ ವೆಕ್ಟರ್ ಎರಡಕ್ಕೂ ಹಾಗೆ ಕೇಳುವುದು ಬರುತ್ತದೆ. ಫೈಲನ್ನೇ ನೇರ ಓದುವ ಫೈಲ್‌ಬೀಟ್ ಥರದ್ದಾದರೆ ಜೇಸನ್-ಫೈಲ್ ಉಳಿಸಿಕೊಂಡು, ಗಾತ್ರ 10 ಎಂಬಿ, ಫೈಲ್ 3 ಅಂತ ನೀವೇ ಮಿತಿ ಹಾಕಿ.

ಮಿತಿಯನ್ನು ಡೀಮನ್ ಕಾನ್ಫಿಗ್‌ನಲ್ಲಿ ಬರೆದು ಡಾಕರ್ ರೀಸ್ಟಾರ್ಟ್ ಮಾಡಿದರೂ ಹಳೆಯ ಕಂಟೇನರ್‌ಗಳಿಗೆ ಅದು ತಟ್ಟುವುದಿಲ್ಲ. ಅವನ್ನು ತೆಗೆದು ಹೊಸದಾಗಿ ಮಾಡಬೇಕು. "ಬದಲಾಯಿಸಿದೆ, ಏನೂ ಆಗಲಿಲ್ಲ" ಅನ್ನುವವರ ಗೋಳಿಗೆ ಕಾರಣ ಹೆಚ್ಚಾಗಿ ಇದೇ.

ಡಾಕರ್‌ನಿಂದ ನೇರವಾಗಿ ಹೊರಗೆ ಕಳಿಸುವ ಡ್ರೈವರ್‌ಗಳೂ ಇವೆ. ಲಾಗ್ ಪಡೆದು ಮುಂದೆ ಕಳಿಸುವ ಫ್ಲೂಯೆಂಟ್‌ಡಿಗೆ ಒಂದು, ಗ್ರೇಲಾಗ್ ಬಳಸುವ ಗೆಲ್ಫ್ ರೂಪಕ್ಕೆ ಒಂದು, ಮುಂದೆ ಹೇಳುವ ಲೋಕಿಗೆ ಒಂದು ಪ್ಲಗಿನ್. ಸಂಗ್ರಾಹಕವೇ ಬೇಡ, ಎರಡು ಸಾಲಿನಲ್ಲಿ ಕೆಲಸ ಮುಗಿಯಿತು ಅನ್ನಿಸುತ್ತದೆ. ಡೆವಲಪ್‌ಮೆಂಟ್‌ನಲ್ಲಿ ನಾನಂತೂ ಇದಕ್ಕೆ ಕೈ ಹಾಕಬೇಡಿ ಅನ್ನುತ್ತೇನೆ. ಫ್ಲೂಯೆಂಟ್‌ಡಿ ಎದ್ದಿರದಿದ್ದರೆ, ಕಾಯದೆ ಮುಂದೆ ಹೋಗು ಅನ್ನುವ ಅಸಿಂಕ್ ಆಯ್ಕೆ ಕೊಡದಿದ್ದರೆ, ನಿಮ್ಮ ಆ್ಯಪ್ ಕಂಟೇನರ್ ಶುರುವೇ ಆಗುವುದಿಲ್ಲ. ಲೋಕಿ ಪ್ಲಗಿನ್‌ಗೆ ಎಷ್ಟು ಸಲ ಬೇಕಾದರೂ ಮರುಪ್ರಯತ್ನ ಮಾಡು ಅಂತ ಹೇಳಿಟ್ಟು, ಲೋಕಿ ಕೈಗೆ ಸಿಗದಿದ್ದರೆ, ಡಾಕರ್ ಡೀಮನ್ನೇ ಸಿಕ್ಕಿಕೊಂಡು ನಿಲ್ಲಬಹುದು. ಲ್ಯಾಪ್‌ಟಾಪ್‌ನಲ್ಲಿ ನಾವು ದಿನಕ್ಕೆ ಹತ್ತು ಸಲ ಎಲ್ಲವನ್ನೂ ಕೆಡವಿ ಎಬ್ಬಿಸುತ್ತೇವೆ ಅಲ್ವಾ? ಲಾಗ್ ನೋಡುವ ಜಾಗ ಬಿದ್ದರೆ ಆ್ಯಪ್ ಬೀಳಬಾರದು. ಸಂಗ್ರಾಹಕ ಪಕ್ಕದಲ್ಲಿ ನಿಂತು ಓದಿಕೊಳ್ಳಲಿ, ನಡುವೆ ನಿಲ್ಲುವುದು ಬೇಡ.

ಕೂಡಿಡುವ ಜಾಗ

ಮೊದಲು ಡಾಜಲ್. ಇದು ಏನನ್ನೂ ಕೂಡಿಡುವುದಿಲ್ಲ, ಅದೇ ಇದರ ಗುಣ. ಒಂದು ಪುಟ್ಟ ಕಂಟೇನರ್, ಡಾಕರ್ ಸಾಕೆಟ್ ಕೊಟ್ಟರೆ ಸಾಕು. ಬ್ರೌಸರ್‌ನಲ್ಲಿ ಎಲ್ಲ ಕಂಟೇನರ್‌ಗಳ ಪಟ್ಟಿ, ಬೇಕಾದ ನಾಲ್ಕನ್ನು ಸೇರಿಸಿ ಒಂದೇ ಹರಿವಿನಲ್ಲಿ ನೋಡಬಹುದು, ಒಳಗೆ ಹುಡುಕಬಹುದು. ಕಂಟೇನರ್ ತೆಗೆದರೆ ಅದರ ಲಾಗ್ ಹೋಯಿತು. "ಈಗ ಏನಾಗುತ್ತಿದೆ" ಅನ್ನುವ ಪ್ರಶ್ನೆಗೆ ಇದಕ್ಕಿಂತ ಜಾಸ್ತಿ ಏನೂ ಬೇಡ. ಐದಾರು ಕಂಟೇನರ್‌ನ ಬಹುಪಾಲು ತಂಡಗಳು ಇಲ್ಲೇ ನಿಂತರೂ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಡಾಕರ್ ಸಾಕೆಟ್ ಕೊಡುವುದೆಂದರೆ ಮನೆಯ ಬೀಗದ ಕೈ ಕೊಟ್ಟಂತೆ. ಓದಲು ಮಾತ್ರ ಅಂತ ಮೌಂಟ್ ಮಾಡಿದರೂ ಅದು ಸಾಕೆಟ್ ಫೈಲ್‌ಗೆ ಹಾಕಿದ ಮಿತಿ, ಅದರ ಮೂಲಕ ಹೋಗುವ ಆಜ್ಞೆಗಳಿಗಲ್ಲ. ಅದಕ್ಕಿಂತ ಮುಖ್ಯ, ಪೋರ್ಟನ್ನು ಸುಮ್ನೆ ‘8080:8080’ ಅಂತ ಬರೆದರೆ ಅದು ನಿಮ್ಮ ಲ್ಯಾಪ್‌ಟಾಪ್‌ನ ಎಲ್ಲ ನೆಟ್‌ವರ್ಕ್‌ಗಳಿಗೂ ತೆರೆದುಕೊಳ್ಳುತ್ತದೆ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಹಾಕಿದ್ದರೂ ಡಾಕರ್ ಅದನ್ನು ಬದಿಗೆ ತಳ್ಳಿ ತನ್ನದೇ ನಿಯಮ ಬರೆಯುತ್ತದೆ. ಕೋರಮಂಗಲದ ಯಾವುದೋ ಕಾಫಿ ಅಂಗಡಿಯ ವೈಫೈನಲ್ಲಿ ಕೂತು ಕೆಲಸ ಮಾಡುವವರು ಇದನ್ನು ನೆನಪಿಡಿ. ಮುಂದೆ ‘127.0.0.1:’ (ಈ ಲ್ಯಾಪ್‌ಟಾಪ್ ಮಾತ್ರ ಅನ್ನುವ ವಿಳಾಸ) ಸೇರಿಸಿದರೆ ಮುಗಿಯಿತು. ಡಾಜಲ್‌ಗೆ ಮಾತ್ರ ಅಲ್ಲ, ಪೋಸ್ಟ್‌ಗ್ರೆಸ್, ರೆಡಿಸ್, ಗ್ರಾಫಾನಾ ಎಲ್ಲಕ್ಕೂ.

"ನಿನ್ನೆ ಸಂಜೆ ಏನಾಯಿತು" ಅನ್ನುವ ಹಂತಕ್ಕೆ ಬಂದರೆ ಲೋಕಿ. 2018ರ ಕೊನೆಗೆ ಗ್ರಾಫಾನಾದವರು ಹೊರತಂದದ್ದು. ಇದರ ಉಪಾಯ ಸರಳ. ಲಾಗ್ ಸಾಲಿನ ಒಳಗಿನ ಪದಗಳಿಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಮಾಡುವುದಿಲ್ಲ, ಸಾಲಿಗೆ ಅಂಟಿಸಿದ ಲೇಬಲ್‌ಗಳಿಗೆ ಮಾತ್ರ ಮಾಡುತ್ತದೆ. ಯಾವ ಸರ್ವಿಸ್, ಯಾವ ಪ್ರಾಜೆಕ್ಟ್ ಅನ್ನುವಷ್ಟು. ಉಳಿದದ್ದನ್ನು ಹುಡುಕುವಾಗ ಓದಿ ನೋಡುತ್ತದೆ. ಅದಕ್ಕೇ ರ‍್ಯಾಮ್ ಕಡಿಮೆ ಸಾಕು, ಡಿಸ್ಕೂ ಕಡಿಮೆ.

ಲೋಕಿಯಲ್ಲಿ ಎಡವುವ ಜಾಗ ಮೂರು, ಮೊದಲನೆಯದು ಲೇಬಲ್. ರಿಕ್ವೆಸ್ಟ್ ಐಡಿಯನ್ನೋ ಬಳಕೆದಾರರ ಐಡಿಯನ್ನೋ ಲೇಬಲ್ ಮಾಡಿದರೆ ಪ್ರತಿ ಐಡಿಗೂ ಒಂದೊಂದು ಹೊಸ ಸ್ಟ್ರೀಮ್, ಅಂದರೆ ಬೇರೆಯಾಗಿ ಇಡುವ ಸಾಲುಗಳ ಗುಂಪು, ಹುಟ್ಟುತ್ತದೆ. ಸಾವಿರಾರು ಪುಟ್ಟ ಸ್ಟ್ರೀಮ್ ಸೇರಿ ಲೋಕಿ ಏದುಸಿರು ಬಿಡುತ್ತದೆ. ಅಂಥದ್ದನ್ನು ಸಾಲಿನ ಒಳಗೇ ಬಿಡಿ, ಇಲ್ಲವೇ 2024ರಲ್ಲಿ ಬಂದ 3.0 ಆವೃತ್ತಿಯಿಂದ ಸಲೀಸಾಗಿರುವ ಸ್ಟ್ರಕ್ಚರ್ಡ್ ಮೆಟಾಡೇಟಾದಲ್ಲಿ (ಇಂಡೆಕ್ಸ್ ಆಗದೆ ಸಾಲಿನ ಜೊತೆಗಿರುವ ಮಾಹಿತಿ) ಇಡಿ. ಎರಡನೆಯದು, ಹಳೆಯ ಪಾಠಗಳಲ್ಲೆಲ್ಲ ಸಂಗ್ರಾಹಕವಾಗಿ ಪ್ರಾಮ್‌ಟೇಲ್ ಇರುತ್ತದೆ. ಅದಕ್ಕೆ ಬೆಂಬಲ ಮುಗಿಯುವ ದಿನ 2026ರ ಮಾರ್ಚ್ 2 ಅಂತ ಗ್ರಾಫಾನಾದವರೇ ಹೇಳಿದ್ದಾರೆ. ಹೊಸದಾಗಿ ಶುರು ಮಾಡುವವರು ಅಲಾಯ್ ಹಾಕಿ. ಕಾನ್ಫಿಗ್ ಭಾಷೆ ಯಾಮಲ್ ಅಲ್ಲ, ಮೊದಲು ಸ್ವಲ್ಪ ಕಿರಿಕಿರಿ ಅನಿಸುತ್ತದೆ. ಮೂರನೆಯದು, ಹಳೆಯ ಲಾಗ್ ಅಳಿಸು ಅಂತ ನೀವು ಹೇಳದಿದ್ದರೆ ಲೋಕಿ ತಾನಾಗಿ ಅಳಿಸುವುದಿಲ್ಲ. ಅದರ ಕಂಪ್ಯಾಕ್ಟರ್ ಭಾಗದಲ್ಲಿ ರಿಟೆನ್ಷನ್ (ಎಷ್ಟು ದಿನ ಇಡುವುದು) ಆನ್ ಮಾಡಿ ಮೂರು ದಿನ ಅಂತ ಕೊಡಿ.

ಲೋಕಿ, ಅಲಾಯ್, ಗ್ರಾಫಾನಾ ಸೇರಿ ಮೂರು ಕಂಟೇನರ್ ಆಯಿತು. ಗ್ರಾಫಾನಾದಲ್ಲಿ ಗ್ರಾಫ್ ನೋಡುವ ಅಭ್ಯಾಸ ತಂಡಕ್ಕೆ ಮೊದಲೇ ಇದ್ದರೆ ಇದು ಲಾಭದ ವ್ಯಾಪಾರ. ಇಲ್ಲದಿದ್ದರೆ ನನ್ನ ಒಲವು ವಿಕ್ಟೋರಿಯಾಲಾಗ್ಸ್ ಕಡೆ. ಒಂದೇ ಬೈನರಿ, 9428 ಪೋರ್ಟ್, ಹುಡುಕುವ ಪುಟ ಅದರೊಳಗೇ ಇದೆ. ಏನೂ ಹೇಳದಿದ್ದರೂ 7 ದಿನದ ನಂತರ ಹಳೆಯದನ್ನು ತಾನೇ ಅಳಿಸುತ್ತದೆ. ರಿಕ್ವೆಸ್ಟ್ ಐಡಿ ಥರದ, ಪ್ರತಿ ಸಾಲಿಗೂ ಬದಲಾಗುವ ಫೀಲ್ಡ್‌ಗಳ ಬಗ್ಗೆ ಅದಕ್ಕೆ ಮುನಿಸಿಲ್ಲ. ಲೋಕಿಗೆ ಕಳಿಸುವ ರೂಪದಲ್ಲೇ ಕಳಿಸಿದರೂ ತಗೊಳ್ಳುತ್ತದೆ, ಹಾಗಾಗಿ ಅಲಾಯ್ ಇದ್ದವರು ವಿಳಾಸ ಮಾತ್ರ ಬದಲಿಸಿ ಪರೀಕ್ಷೆ ಮಾಡಬಹುದು. ಕೊರತೆ ಅಂದರೆ ಬಳಸುವವರ ಸಂಖ್ಯೆ ಇನ್ನೂ ಲೋಕಿಯಷ್ಟಿಲ್ಲ. ಸಿಕ್ಕಿಕೊಂಡಾಗ ಹುಡುಕಿದರೆ ಸಿಗುವ ಉತ್ತರ ಕಡಿಮೆ. ಅದರ ಪ್ರಶ್ನೆ ಭಾಷೆಯೂ ಹೊಸದಾಗಿ ಕಲಿಯಬೇಕು.

ಇನ್ನು ಇಎಲ್‌ಕೆ. ಕೂಡಿಟ್ಟು ಹುಡುಕಿಕೊಡುವ ಇಲಾಸ್ಟಿಕ್‌ಸರ್ಚ್, ಲಾಗ್ ಸಂಗ್ರಹಿಸುವ ಲಾಗ್‌ಸ್ಟ್ಯಾಶ್, ತೋರಿಸುವ ಕಿಬಾನಾ. ಶಕ್ತಿ ಬೇಕಾದಷ್ಟಿದೆ, ಪ್ರತಿ ಪದಕ್ಕೂ ಇಂಡೆಕ್ಸ್. ಆದರೆ ಮೊದಲೆರಡೂ ಜಾವಾ ಮೇಲೆ ಓಡುವಂಥವು. ಮಿತಿ ಹಾಕದಿದ್ದರೆ ಇಲಾಸ್ಟಿಕ್‌ಸರ್ಚ್ ತನಗೆ ಕಾಣುವ ರ‍್ಯಾಮ್‌ನ ಅರ್ಧದಷ್ಟನ್ನು ಹೀಪ್‌ಗೆ (ಜಾವಾ ಬಳಸುವ ಮೆಮೊರಿಗೆ) ತೆಗೆದಿಡುತ್ತದೆ. ಆಮೇಲೆ ಯಾವುದೋ ಕಂಟೇನರ್ 137 ಅನ್ನುವ ಸಂಖ್ಯೆ ತೋರಿಸಿ ಸಾಯುತ್ತದೆ. 128 ಮತ್ತು 9 (ಬಲವಂತವಾಗಿ ಕೊಲ್ಲುವ ಸಂಕೇತ) ಸೇರಿ, ಅಂದರೆ ಹೆಚ್ಚಾಗಿ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ಲೇ ಕೊಂದಿದೆ, ರ‍್ಯಾಮ್ ಸಾಲದೆ. 8ನೇ ಆವೃತ್ತಿಯಿಂದ ಪಾಸ್‌ವರ್ಡ್, ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ತಾನಾಗಿ ಆನ್ ಇರುತ್ತದೆ. ಪ್ರೊಡಕ್ಷನ್‌ಗೆ ಒಳ್ಳೆಯದು, ಲ್ಯಾಪ್‌ಟಾಪ್‌ನಲ್ಲಿ ಮೊದಲ ದಿನ ಸರ್ಟಿಫಿಕೇಟ್ ಜೊತೆ ಜಗಳಕ್ಕೇ ಹೋಗುತ್ತದೆ. ಲೈಸೆನ್ಸ್ ಕಥೆ ಕೂಡ ಸುತ್ತಿ ಬಳಸಿ ಬಂದದ್ದು. 2021ರಲ್ಲಿ ಮುಕ್ತ ಲೈಸೆನ್ಸ್ ಬಿಟ್ಟರು, ಅಮೆಜಾನ್ ಓಪನ್‌ಸರ್ಚ್ ಅಂತ ಬೇರೆ ಮಾಡಿಕೊಂಡಿತು, 2024ರಲ್ಲಿ ಇಲಾಸ್ಟಿಕ್‌ನವರು ಎಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್ ಆಯ್ಕೆ ಸೇರಿಸಿದರು. ಲ್ಯಾಪ್‌ಟಾಪ್ ಮಟ್ಟದಲ್ಲಿ ಇದರಿಂದ ನಿಮಗೆ ಆಗುವ ವ್ಯತ್ಯಾಸ ಏನೂ ಇಲ್ಲ.

ಹಾಗಾದರೆ ಇದು ಯಾರಿಗೆ? ನಿಮ್ಮ ಆ್ಯಪ್‌ನಲ್ಲಿ ಪುಸ್ತಕ ಹುಡುಕುವ ಸೌಲಭ್ಯವೇ ಇಲಾಸ್ಟಿಕ್‌ಸರ್ಚ್ ಮೇಲೆ ನಿಂತಿದ್ದರೆ ಅದು ಹೇಗೂ ಓಡುತ್ತಿರುತ್ತದೆ, ಲಾಗ್ ಕೂಡ ಅಲ್ಲೇ ಹಾಕಿ. ಕಿಬಾನಾ ಡ್ಯಾಶ್‌ಬೋರ್ಡ್ ಬರೆಯುವುದೇ ಕೆಲಸವಾದರೂ ಸರಿ. ಉಳಿದವರು ಬಿಟ್ಟುಬಿಡಿ. ಪ್ರೊಡಕ್ಷನ್‌ನಲ್ಲೂ ಎಲ್ಲರೂ ಇದರಲ್ಲೇ ಉಳಿದಿಲ್ಲ. ಬೆಂಗಳೂರಿನ ಝೆರೋಧಾ ತಂಡ ಇಎಲ್‌ಕೆ ಬಿಟ್ಟು, ವೆಕ್ಟರ್‌ನಿಂದ ಸಂಗ್ರಹಿಸಿ ಕ್ಲಿಕ್‌ಹೌಸ್ ಡೇಟಾಬೇಸ್‌ಗೆ ಹಾಕುವ ದಾರಿಗೆ ಬಂದ ಬಗೆಯನ್ನು ತಾನೇ ಬರೆದು ಪ್ರಕಟಿಸಿದೆ. ಎಣಿಸುವ, ಗುಂಪು ಮಾಡುವ ಪ್ರಶ್ನೆಗಳು ಜಾಸ್ತಿ ಇರುವವರಿಗೆ ಆ ದಾರಿ. ಎಸ್‌ಕ್ಯೂಎಲ್ ಬಂದರೆ ಸಾಕು. ಲಾಗ್ ಜೊತೆ ಟ್ರೇಸ್ (ಒಂದು ರಿಕ್ವೆಸ್ಟ್ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತು ಅನ್ನುವ ದಾಖಲೆ) ಕೂಡ ಬೇಕು ಅನ್ನುವವರು ಅದೇ ಕ್ಲಿಕ್‌ಹೌಸನ್ನು ಒಳಗೆ ಬಳಸುವ ಸಿಗ್ನಾಜ್ ನೋಡಬಹುದು. ಆದರೆ ಅದು ಲ್ಯಾಪ್‌ಟಾಪ್‌ಗೆ ಹಗುರ ಅಂತ ಹೇಳಲಾರೆ.

ಯಾವುದನ್ನು ಹಾಕಿದರೂ ತಪ್ಪದ ಕೆಲಸ

ಎಂಥ ದೊಡ್ಡ ಸಾಧನ ತಂದರೂ ಒಳಗೆ ಹಾಕುವ ಲಾಗ್ ಕಸವಾದರೆ ಹೊರಗೂ ಕಸವೇ. ಮೇಲ್ ಹೋಗದ ಆರ್ಡರ್ ಹುಡುಕಲು ನಿಜವಾಗಿ ಬೇಕಾದದ್ದು ಎಂಜಿನ್‌ಎಕ್ಸ್, ಎಪಿಐ, ವರ್ಕರ್ ಮೂರರ ಲಾಗ್‌ನಲ್ಲೂ ಒಂದೇ ಐಡಿ. ಎಂಜಿನ್‌ಎಕ್ಸ್‌ನಲ್ಲಿ ‘ರಿಕ್ವೆಸ್ಟ್ ಐಡಿ’ ಅನ್ನುವ ವೇರಿಯಬಲ್ ಸಿದ್ಧವಾಗಿಯೇ ಇದೆ, 32 ಅಕ್ಷರದ ಹೆಕ್ಸ್. ಅದನ್ನು ಲಾಗ್ ಸಾಲಿಗೂ ಸೇರಿಸಿ, ಹೆಡರ್‌ನಲ್ಲಿ ಎಪಿಐಗೂ ಕಳಿಸಿ. ಜ್ಯಾಂಗೋ ಮಿಡಲ್‌ವೇರ್ (ಪ್ರತಿ ರಿಕ್ವೆಸ್ಟ್ ಹಾದುಹೋಗುವ ನಡುವಿನ ಕೋಡ್) ಅದನ್ನು ಹಿಡಿದು ಪ್ರತಿ ಲಾಗ್ ಸಾಲಿಗೂ ಅಂಟಿಸಲಿ. ಸೆಲರಿಗೆ ಕೆಲಸ ಒಪ್ಪಿಸುವಾಗಲೂ ಜೊತೆಗೆ ಕೊಡಲಿ. ತಪ್ಪಿಹೋಗುವುದು ಯಾವಾಗಲೂ ಈ ಕೊನೆಯ ಹೆಜ್ಜೆ. ಅದೊಂದು ಇದ್ದರೆ ಡಾಜಲ್‌ನಲ್ಲೇ ಐಡಿ ಹಾಕಿ ಹುಡುಕಿ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅದಿಲ್ಲದೆ ಇಎಲ್‌ಕೆ ಇದ್ದರೂ ಸಮಯ ನೋಡಿ ಊಹೆ ಮಾಡುತ್ತಾ ಕೂರಬೇಕು.

ಸಮಯ ಅಂದೆ ಅಲ್ವಾ, ಅಲ್ಲೂ ಒಂದು ಗೊಂದಲ. ಕಂಟೇನರ್‌ಗಳ ಒಳಗೆ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ನಡೆಯುತ್ತದೆ. ಗ್ರಾಫಾನಾ ನಿಮ್ಮ ಬ್ರೌಸರ್ ಸಮಯ ತೋರಿಸುತ್ತದೆ. ಒಂದೇ ಸಾಲಿನ ಎಡಕ್ಕೆ 16:10, ಒಳಗೆ ಆ್ಯಪ್ ಬರೆದದ್ದು 10:40. ಐದೂವರೆ ಗಂಟೆಯ ಈ ವ್ಯತ್ಯಾಸ ನೋಡಿ ಎರಡು ಬೇರೆ ಘಟನೆ ಅಂದುಕೊಂಡವರಿದ್ದಾರೆ. ಜ್ಯಾಂಗೋ ಸೆಟ್ಟಿಂಗ್‌ನಲ್ಲಿ ‘ಏಷ್ಯಾ/ಕೋಲ್ಕತಾ’ ಅಂತ ಹಾಕಿದ ಸರ್ವಿಸ್ ಒಂದು, ಹಾಕದ ವರ್ಕರ್ ಇನ್ನೊಂದು ಆದರೆ ಇನ್ನೂ ಮಜಾ. ಎಲ್ಲ ಕಡೆ ಯುಟಿಸಿ ಬರೆಯಿರಿ, ಕೊನೆಗೆ +00:00 ಇರಲಿ. ಭಾರತದ ಸಮಯಕ್ಕೆ ಬದಲಿಸುವುದು ನೋಡುವ ಪುಟದ ಕೆಲಸ.

ಕನ್ನಡ ಪಠ್ಯ ಹಾದುಹೋಗುವ ಆ್ಯಪ್ ಮಾಡುವವರಿಗೆ ಇದು ಗೊತ್ತಿರಲಿ. ಪೈಥಾನ್‌ನಲ್ಲಿ ಲಾಗನ್ನು ಜೇಸನ್ (ಹೆಸರು-ಮೌಲ್ಯ ಜೋಡಿಗಳ ರೂಪ) ಮಾಡಿ ಬರೆದರೆ, ಏನೂ ಹೇಳದಿದ್ದಾಗ ಅದು ಆಸ್ಕಿ (ಮೂಲ ಇಂಗ್ಲಿಷ್ ಅಕ್ಷರಗಳು) ಅಲ್ಲದ ಅಕ್ಷರವನ್ನೆಲ್ಲ ಸಂಕೇತ ಮಾಡಿಬಿಡುತ್ತದೆ. ‘ಕ’ ಹೋಗಿ ಹಿಂಬದಿಗೆ ವಾಲಿದ ಗೆರೆ, ಯು ಅಕ್ಷರ, 0ಸಿ95 ಅಂತ ಬಂದು ಕೂರುತ್ತದೆ. ಆಮೇಲೆ ಲೋಕಿಯಲ್ಲಿ ಸಾಲಿನ ಒಳಗೆ ‘ಕಾದಂಬರಿ’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಲಾಗ್ ಇದೆ, ಪದವೂ ಇದೆ, ಬೇರೆ ವೇಷದಲ್ಲಿದೆ. ಜೇಸನ್ ಮಾಡುವಾಗ ‘ಎನ್ಶ್ಯೂರ್ ಆಸ್ಕಿ’ ಆಯ್ಕೆಯನ್ನು ಫಾಲ್ಸ್ ಮಾಡಿ. ಹಾಗೆ ಮಾಡಿದ ಮೇಲೆ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಡಾಕರ್ ಒಂದು ಸಾಲನ್ನು 16 ಕೆಬಿಗೆ ತುಂಡು ಮಾಡುತ್ತದೆ. ಅಂದರೆ ಐದು ಸಾವಿರ ಚಿಲ್ಲರೆ ಸಂಕೇತ ದಾಟಿದ ಕನ್ನಡ ಸಾಲು ಎರಡಾಗುತ್ತದೆ, ಜೇಸನ್ ಕೂಡ ನಡುವೆ ಮುರಿಯುತ್ತದೆ. ಇಡೀ ಲೇಖನವನ್ನೋ ಪುಸ್ತಕದ ವಿವರಣೆಯನ್ನೋ ಲಾಗ್ ಮಾಡಬೇಡಿ. ಅದರ ಐಡಿ ಸಾಕು.

ಪೈಥಾನ್‌ನದ್ದೇ ಇನ್ನೆರಡು ಚಿಕ್ಕ ಮಾತು. ಟರ್ಮಿನಲ್ ಇಲ್ಲದ ಕಡೆ ‘ಪ್ರಿಂಟ್’ ಮಾಡಿದ್ದು ಬಫರ್‌ನಲ್ಲಿ ಕೂತು ತಡವಾಗಿ ಬರುತ್ತದೆ, ‘ಪೈಥಾನ್‌ಅನ್‌ಬಫರ್ಡ್’ ವೇರಿಯಬಲ್‌ಗೆ 1 ಕೊಡಿ. ಎರಡನೆಯದು, ಟ್ರೇಸ್‌ಬ್ಯಾಕ್‌ನ (ತಪ್ಪು ಎಲ್ಲಿ ಆಯಿತು ಅಂತ ತೋರಿಸುವ ವರದಿ) ನಲವತ್ತು ಸಾಲು ನಲವತ್ತು ಬೇರೆ ಬೇರೆ ಲಾಗ್ ಆಗಿ ಚೆಲ್ಲಾಪಿಲ್ಲಿಯಾಗುತ್ತದೆ. ಜೇಸನ್ ಲಾಗ್ ಆದರೆ ಇಡೀ ಟ್ರೇಸ್‌ಬ್ಯಾಕ್ ಒಂದೇ ಫೀಲ್ಡ್‌ನಲ್ಲಿ ಕೂರುತ್ತದೆ. ಸಂಗ್ರಾಹಕದಲ್ಲಿ ಸಾಲು ಹೊಲಿಯುವ ರೆಜೆಕ್ಸ್ (ಪಠ್ಯದ ಮಾದರಿ ಹಿಡಿಯುವ ಸೂತ್ರ) ಬರೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಎಷ್ಟು ದಿನ ಇಡಬೇಕು ಅಂತ ಕೇಳುವವರಿಗೆ: ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ 180 ದಿನದ ಲಾಗ್ ಇಡಬೇಕು ಅನ್ನುವುದು ನಿಜವಾಗಿ ನಡೆಯುವ ಸೇವೆಗಳ ಮಾತು. ನಿಮ್ಮ ಲ್ಯಾಪ್‌ಟಾಪ್‌ನ ಪರೀಕ್ಷೆಯ ಲಾಗ್‌ಗೆ ಮೂರು ದಿನವೇ ಧಾರಾಳ. ಪ್ರೊಡಕ್ಷನ್ ಡೇಟಾಬೇಸ್‌ನ ಪ್ರತಿ ತಂದು ಲ್ಯಾಪ್‌ಟಾಪ್‌ನಲ್ಲಿ ಓಡಿಸುವ ಅಭ್ಯಾಸ ತಂಡದಲ್ಲಿದ್ದರೆ ಮೂರು ದಿನವೂ ಜಾಸ್ತಿ. ಜನರ ಫೋನ್ ನಂಬರ್, ವಿಳಾಸ ಎಲ್ಲ ಲಾಗ್‌ನಲ್ಲಿ ಬಂದು ಕೂತಿರುತ್ತದೆ.

ಕೊನೆಯದಾಗಿ ಫೈಲ್ ಎಲ್ಲಿ ಇಡಬೇಕು ಅನ್ನುವುದು. ಡಾಜಲ್ ಆದರೆ ಆ್ಯಪ್‌ನ ಕಂಪೋಸ್ ಫೈಲ್‌ನಲ್ಲೇ ‘ಲಾಗ್ಸ್’ ಅನ್ನುವ ಪ್ರೊಫೈಲ್ ಕೊಟ್ಟು ಇಡಿ, ಬೇಕಾದವರು ಮಾತ್ರ ಎಬ್ಬಿಸುತ್ತಾರೆ. ಲೋಕಿಯೋ ವಿಕ್ಟೋರಿಯಾಲಾಗ್ಸೋ ಆದರೆ ಬೇರೆ ಫೋಲ್ಡರ್, ಬೇರೆ ಕಂಪೋಸ್ ಪ್ರಾಜೆಕ್ಟ್ ಮಾಡಿ. ಡೇಟಾಬೇಸ್ ಹೊಸದಾಗಿ ಬೇಕು ಅಂತ ಆ್ಯಪ್ ಫೋಲ್ಡರ್‌ನಲ್ಲಿ ‘ಡೌನ್’ ಜೊತೆ ವಾಲ್ಯೂಮ್ (ಕಂಟೇನರ್‌ನ ಡೇಟಾ ಇರುವ ಜಾಗ) ಅಳಿಸುವ ‘-ವಿ’ ಸೇರಿಸಿ ಒತ್ತುವುದು ನಮಗೆಲ್ಲ ಕೈಗೆ ಬಂದುಬಿಟ್ಟ ಅಭ್ಯಾಸ. ಎರಡೂ ಒಂದೇ ಫೈಲ್‌ನಲ್ಲಿದ್ದರೆ ಪೋಸ್ಟ್‌ಗ್ರೆಸ್ ಜೊತೆಗೆ ನಿನ್ನೆಯ ಲಾಗೂ ಹೋಗುತ್ತದೆ. ಬೇರೆ ಇಟ್ಟರೆ ಹೋಗುವುದಿಲ್ಲ. ಅಲಾಯ್ ಡಾಕರ್ ಸಾಕೆಟ್ ಮೂಲಕ ಓದುವುದರಿಂದ ಎರಡು ಪ್ರಾಜೆಕ್ಟ್‌ಗಳ ನೆಟ್‌ವರ್ಕ್ ಜೋಡಿಸುವ ಕೆಲಸವೂ ಇಲ್ಲ. ನಾಳೆ ಇನ್ನೊಂದು ಪ್ರಾಜೆಕ್ಟ್ ಎಬ್ಬಿಸಿದರೆ ಅದರ ಲಾಗ್ ಕೂಡ ತಾನಾಗಿ ಅಲ್ಲಿಗೇ ಬರುತ್ತದೆ, ಕಂಪೋಸ್ ಪ್ರಾಜೆಕ್ಟ್ ಹೆಸರನ್ನು ಲೇಬಲ್ ಮಾಡಿಟ್ಟರೆ ಬೇರ್ಪಡಿಸಿ ನೋಡಬಹುದು.